ತಾರೀಕಿಲ್ಲದ ಮಾತ್ರೆಗಳು

ಚಿಂತಾಮಣಿಯ ಬಸ್ ನಿಲ್ದಾಣದ ಹತ್ತಿರದ ಮೆಡಿಕಲ್ ಶಾಪಿಗೆ ನಾನು ಡಿ.ಫಾರ್ಮಾ ಟ್ರೈನಿಂಗಿಗೆ ಸೇರಿದ ದಿನವೇ ಮಾಲೀಕರು ನನ್ನ ಬಿಳಿ ಕೋಟನ್ನು ಮೊಳೆಗೆ ತೂಗುಹಾಕಿಸಿದರು. "ಇನ್‌ಸ್ಪೆಕ್ಟರ್ ಬಂದಾಗ ಹಾಕ್ಕೊಳ್ಳಮ್ಮ. ಈಗ ಕತ್ರಿ ಹಿಡ್ಕೋ."

ಕತ್ತರಿಯೇ ಅಲ್ಲಿನ ವಿದ್ಯೆ. ನಮ್ಮ ಕಡೆ ಇಡೀ ಸ್ಟ್ರಿಪ್ ಕೊಳ್ಳುವವರು ಕಡಿಮೆ. ನಾಲ್ಕು ಮಾತ್ರೆ, ಆರು ಮಾತ್ರೆ. ಅವಧಿ ಮುಗಿಯುವ ತಾರೀಕು ಸ್ಟ್ರಿಪ್ಪಿನ ಒಂದು ತುದಿಯಲ್ಲಿ ಮಾತ್ರ ಇರುತ್ತದೆ. ಆ ತುದಿಯನ್ನು ಕೊನೆಯವರೆಗೆ ಉಳಿಸಿಕೊಳ್ಳಬೇಕು, ಕವರಿನ ಮೇಲೆ ಮಾತ್ರೆಯ ಹೆಸರು, ತಾರೀಕು ಬರೆದು ಕೊಡಬೇಕು ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಮಾಲೀಕರು ಕಲಿಸಿದ್ದು ಬೇರೆ: "ಡೇಟಿರೋ ತುದೀನೇ ಮೊದ್ಲು ಕತ್ರಿಸು. ಉಳಿದಿದ್ದು ಯಾವಾಗ್ ಬೇಕಾದ್ರೂ ಹೋಗುತ್ತೆ."

ಒಂದು ಮಧ್ಯಾಹ್ನ ಕೆಂಚಾರ್ಲಹಳ್ಳಿಯ ಹೆಂಗಸೊಬ್ಬರು ರೇಷ್ಮೆ ಹುಳುವಿನ ಕೆಲಸ ಬಿಟ್ಟು ಬಂದು ಸೆರಗಿನ ಗಂಟು ಬಿಚ್ಚಿದರು. ನಮ್ಮಲ್ಲೇ ಕೊಂಡ ಎರಡು ತುಂಡು ಸ್ಟ್ರಿಪ್. ಒಂದು ಬಿಪಿಯದು, ಒಂದು ಶುಗರಿನದು. ಎರಡರಲ್ಲೂ ಪೂರ್ತಿ ಹೆಸರಿಲ್ಲ, ತಾರೀಕಿಲ್ಲ.

"ಬೆಳಿಗ್ಗೇದು ಯಾವ್ದಮ್ಮ ಇದ್ರಲ್ಲಿ? ಬೆರ್ತೋಗ್ಬಿಟ್ಟವೆ."

ಮಾಲೀಕರು ಕೂತಲ್ಲಿಂದಲೇ, "ದಪ್ಪಂದು ಶುಗರ್ದು, ಸಣ್ಣದು ಬೀಪೀದು. ಹೋಗ್ ಬಾರಮ್ಮ" ಎಂದರು. ತಿರುಗಿ ನೋಡಿಯೂ ಇರಲಿಲ್ಲ.

ನನಗೆ ಮೈ ಉರಿಯಿತು. "ಇವನ್ನ ನುಂಗ್ಬೇಡಿ. ಡಾಕ್ಟ್ರು ಚೀಟಿ ಇದ್ಯಾ?"

"ಇದೆ. ಬಸ್ಸು ಹೋಗುತ್ತೆ ಕಣಮ್ಮ. ಅವ್ರೇ ಹೇಳಿದ್ರಲ್ಲ, ಮಧ್ಯ ನೀನ್ಯಾರು?"

"ಕೇಳಿ, ಡಾಕ್ಟ್ರಮ್ಮನ್ನ ಕೇಳಿ," ಮಾಲೀಕರು ನಕ್ಕರು. ಆಮೇಲೆ ನನಗೆ, "ಟ್ರೈನಿಂಗ್ ಸರ್ಟಿಫಿಕೇಟಿಗೆ ನನ್ ಸೈನು ಬೇಕೋ ಬೇಡ್ವೋ?" ಆ ಸಹಿ ಇಲ್ಲದೆ ನಾನು ಫಾರ್ಮಸಿಸ್ಟ್ ಆಗುವಂತಿರಲಿಲ್ಲ.

"ನಾನು ಫಾರ್ಮಸಿಸ್ಟ್" ಎಂದು ಆಕೆಗೆ ಉತ್ತರ ಕೊಟ್ಟೆನೆಂದೇ ಬಹಳ ಕಾಲ ನಂಬಿದ್ದೆ. ಈಗ ಅನುಮಾನ. ಹಾಗೆನ್ನುವ ಹಕ್ಕು ಆಗಿನ್ನೂ ನನಗಿರಲಿಲ್ಲ. ಕೈ ಮಾಡಿದ ಕೆಲಸ ಮಾತ್ರ ಸರಿಯಾಗಿ ನೆನಪಿದೆ. ಹಳೆಯ ತುಂಡುಗಳನ್ನು ವಾಪಸು ತೆಗೆದುಕೊಂಡು, ಚೀಟಿ ನೋಡಿ ಹೊಸ ಸ್ಟ್ರಿಪ್ಪುಗಳಿಂದ ಕತ್ತರಿಸಿದೆ. ಕವರುಗಳ ಮೇಲೆ ಹೆಸರು, ತಾರೀಕು ಬರೆದೆ. ಆಕೆಗೆ ಓದಲು ಬರುತ್ತಿರಲಿಲ್ಲ. ಒಂದರ ಮೇಲೆ ಸೂರ್ಯ, ಇನ್ನೊಂದರ ಮೇಲೆ ಚಂದ್ರ ಬಿಡಿಸಿದೆ.

ಆಕೆ ಬೈದುಕೊಳ್ಳುತ್ತಲೇ ಸೂರ್ಯನ ಮೇಲೆ ಬೆರಳಿಟ್ಟು, "ಬೆಳಿಗ್ಗೇದಾ?" ಎಂದರು. ಹೂಂ ಎಂದೆ. ಬಸ್ಸು ಹೋಗಿಬಿಟ್ಟಿತ್ತು.

ಮಾಲೀಕರು ಸಹಿ ಹಾಕಲಿಲ್ಲ. ಗೌರಿಬಿದನೂರಿನಲ್ಲಿ ಟ್ರೈನಿಂಗನ್ನು ಮೊದಲಿಂದ ಮಾಡಿದೆ. ನನ್ನ ಜಾಗಕ್ಕೆ ಬಂದ ಹುಡುಗಿಗೆ ಸಹಿ ಸಿಕ್ಕಿತಂತೆ. ಒಮ್ಮೆ ಬಸ್ಸಿನ ಕಿಟಕಿಯಿಂದ ಅವಳನ್ನು ಕಂಡೆ. ತಲೆ ತಗ್ಗಿಸಿ ಕತ್ತರಿಸುತ್ತಿದ್ದಳು. ಅವಳ ಕೋಟೂ ಅದೇ ಮೊಳೆಯಲ್ಲಿತ್ತು.