ನನಗೆ ಇಟ್ಟ ಎಡೆ

ನಾನು ಓದು ನಿಲ್ಲಿಸಿದ್ದು 1991ರಲ್ಲಿ. ಎಸ್ಸೆಸ್ಸೆಲ್ಸಿ ಪಾಸಾಗಿತ್ತು. ಮುಂದೆ ಓದಿಸುತ್ತೇನೆ ಅಂತ ಅಪ್ಪ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಂಪಲಾಪುರದ ನಮ್ಮ ಹೊಲದಲ್ಲಿ ಹೊಗೆಸೊಪ್ಪು ಮುರಿದು, ಅದನ್ನು ಬಿಸಿಯಲ್ಲಿ ಒಣಗಿಸುವ ಬ್ಯಾರನ್ನಿಗೆ ಸೌದೆ ಹಾಕಿಕೊಂಡು ಸ್ವಲ್ಪ ಕಾಲ ಇದ್ದೆ. ಆಮೇಲೆ ಮಿಲಿಟರಿ ಭರ್ತಿಗೆ ಹೋಗಿ, ಓಟ ಓಡಿ ಸೇರಿದೆ. ಕಾಲ್ದಳದ ಸಿಪಾಯಿ. ದುಡಿದು ತಿಂದವನು, ಯಾರ ಮುಂದೆಯೂ ಕೈಯೊಡ್ಡಿದವನಲ್ಲ.

ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವವನು ನಾನು ಅಂತ ಒಂದು ಹೆಮ್ಮೆಯೂ ಇತ್ತು. ನಮ್ಮ ಕಡೆ ಸತ್ತವರಿಗೆ ಎಡೆ ಇಡುತ್ತಾರೆ. ಅವರಿಗೆ ಇಷ್ಟವಾದ ಅಡಿಗೆ ಮಾಡಿ, ಎಲೆಯಲ್ಲಿ ಬಡಿಸಿ, ಕಾಗೆ ಬಂದು ಮುಟ್ಟಲಿ ಅಂತ ಕಾಯುತ್ತಾರೆ. ಕಾಗೆ ಮುಟ್ಟಿದರೆ ಸತ್ತವರು ಉಂಡ ಹಾಗೆ. ತಾತನ ತಿಥಿಯಲ್ಲಿ ನಾನು, ತಾತ ಎಲ್ಲಿ ಉಣ್ತಾನೆ, ಉಣ್ಣೋದು ಕಾಗೆ ಅಂದು ಅವ್ವನ ಹತ್ತಿರ ಚೆನ್ನಾಗಿ ಬೈಸಿಕೊಂಡಿದ್ದೆ. ಇಂಥವನು ಈಗ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಬೇಕು ಅಂತೇನಿಲ್ಲ.

ನಮ್ಮ ಪ್ಲಟೂನಿನಲ್ಲಿ ನನ್ನ ಹೆಸರಿನವನೇ ಇನ್ನೊಬ್ಬ ಇದ್ದ. ಅವನೂ ಮೈಸೂರು ಜಿಲ್ಲೆಯವನೇ, ಕೆ.ಆರ್. ನಗರದ ಆಚೆ ಭೇರ್ಯದವನು. ಅದಕ್ಕೇ ಒಬ್ಬರನ್ನೊಬ್ಬರು ಊರಿನ ಹೆಸರು ಹಿಡಿದೇ ಕರೆಯುತ್ತಿದ್ದೆವು. ಅವನದು ಭತ್ತ ಬೆಳೆಯುವ ನೀರಾವರಿ ಊರು, ಅದರ ಜಂಬ ಬಹಳ. "ಲೇ ಕಂಪ್ಲಾಪುರ, ನಿಮ್ಮೂರಲ್ಲಿ ಹೊಗೆಸೊಪ್ಪು ಬುಟ್ರೆ ಇನ್ನೇನ್ಲಾ ಐತೆ? ಹಸಿವಾದ್ರೆ ಅದನ್ನೇ ಮೇಯ್ತೀರಾ?" ಅನ್ನುವನು. ಅನ್ನ ತಿಂದು ತಿಂದು ನಿನ್ನ ಮೈ ಅಷ್ಟಗಲ ಆಗೈತೆ ಕಣ್ಲಾ, ಗುಂಡು ತಪ್ಪೋದೇ ಕಷ್ಟ ಅಂತ ನಾನೂ ಛೇಡಿಸುತ್ತಿದ್ದೆ.

1999ರ ಯುದ್ಧದ ವಿಷಯ ಹೆಚ್ಚು ಬರೆಯಲಾರೆ. ಹಿಮದ ಗುಡ್ಡ ಹತ್ತುವುದು, ಕಲ್ಲಿನ ಮರೆಗೆ ಬೀಳುವುದು, ಮತ್ತೆ ಹತ್ತುವುದು, ಅಷ್ಟೇ. ಮೊದಲ ಸಲ ಹತ್ತಿದಾಗಲೇ ಭೇರ್ಯದವನು ಹೋದ. ನನ್ನ ಪಕ್ಕದ ಬಂಡೆಯಲ್ಲೇ ಇದ್ದ, ಕೂಗಲಿಲ್ಲ. ಬೆಳಕಾದ ಮೇಲೆ ನೋಡಿದರೆ ಕೂತ ಹಾಗೇ ಇದ್ದ. ಗಾಯವಾದವರನ್ನು ಹೇಗೋ ಕೆಳಗಿಳಿಸಿದರು. ಆಮೇಲೆ ದಾರಿಯ ಮೇಲೆ ಶೆಲ್ ಬೀಳತೊಡಗಿತು. ಸತ್ತವರನ್ನು ಇಳಿಸಲು ಆಗಲಿಲ್ಲ, ಊಟ ಮೇಲೆ ಬರಲಿಲ್ಲ. ಉಳಿದ ನಾವು ಕೆಲವರು ಅವನ ಜೊತೆಯಲ್ಲೇ ಬಂಡೆ ಸಂದಿಯಲ್ಲಿ ಕೂತೆವು. ನಮ್ಮ ಜೇಬಿನಲ್ಲಿದ್ದ ಕರಿದ ಸಿಹಿ ತುಂಡು, ಶಕ್ಕರಪಾರೆ, ಮುಗಿಯಿತು. ಅವನ ಜೇಬಿನದೂ ಮುಗಿಯಿತು. ಆಮೇಲೆ ಹಿಮ ತಿಂದೆವು. ಕಾಲಿನ ಬೆರಳು ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಅವನು ಸತ್ತಿದ್ದಕ್ಕೆ ಅಳುವೂ ಬರಲಿಲ್ಲ. ಹೊಟ್ಟೆ ಒಂದೇ ಗೊತ್ತಾಗುತ್ತಿದ್ದುದು.

ಅಮಾವಾಸ್ಯೆಯ ಹಿಂದಿನ ದಿನ. ಮಾರನೇ ದಿನದ ಕತ್ತಲಲ್ಲಿ ಮತ್ತೆ ಹತ್ತಬೇಕು ಅಂತ ಹೇಳಿದ್ದರಿಂದ ದಿನ ನೆನಪಿದೆ. ಮಧ್ಯಾಹ್ನ, ಒಳ್ಳೆ ಬಿಸಿಲು. ನಾನು ನಿದ್ದೆ ಮಾಡುತ್ತಿರಲಿಲ್ಲ, ರೈಫಲ್ ಒರೆಸುತ್ತಿದ್ದೆ. ಬಾಯಿಗೆ ಹುರುಳಿಕಾಳಿನ ಬಸ್ಸಾರಿನ ರುಚಿ ಬಂತು. ನೆನಪು ಬರುವ ಹಾಗಲ್ಲ, ನಾಲಿಗೆ ಮೇಲೆ ಬಿಸಿಯಾಗಿ ಬಂತು. ರಾಗಿ ಮುದ್ದೆ ಗಂಟಲಲ್ಲಿ ಜಾರಿದ್ದೂ ಗೊತ್ತಾಯಿತು. ಸುಮ್ಮನೆ ಕೂತು ನುಂಗಿದೆ. ಸ್ವಲ್ಪ ಹೊತ್ತಿಗೆ ಹೊಟ್ಟೆ ತುಂಬಿತು, ತೇಗು ಬಂತು. ಒಂದೇ ಒಂದು ಕೊರತೆ ಅಂದರೆ ಸಾರಿಗೆ ಉಪ್ಪಿರಲಿಲ್ಲ. ಆಸೆಪಟ್ಟು ನಾನೇ ಕಲ್ಪಿಸಿಕೊಂಡ ಊಟವಾಗಿದ್ದರೆ ಉಪ್ಪು ಯಾಕೆ ಬಿಡುತ್ತಿದ್ದೆ?

ಸಂಜೆ ಹೇಗೋ ಪೂರಿ ಮೇಲೆ ಬಂತು. ನನಗೆ ಸೇರಲಿಲ್ಲ. ಹವಾಲ್ದಾರರು ಬೈದರು, ನನ್ನ ಪಾಲನ್ನು ಉಳಿದವರಿಗೆ ಹಂಚಿದರು. ಮುಂದೆ ಹಿಮ ಕಚ್ಚಿದ ಕಾಲಿಗೆ ಆಸ್ಪತ್ರೆ ಸೇರಿದಾಗ ಆ ಊಟದ ವಿಷಯ ಡಾಕ್ಟರಿಗೆ ಹೇಳಿದೆ. ಹಸಿವು ವಿಪರೀತವಾದರೆ ಹಾಗೆಲ್ಲ ಆಗುತ್ತದೆ ಅಂದರು. ಸರಿ ಅಂತ ಒಪ್ಪಿಕೊಂಡೆ. ಊರಿನಲ್ಲಿ ಯಾರಿಗೂ ತಿಳಿಸಲಿಲ್ಲ.

ರಜೆಯ ಮೇಲೆ ಮನೆಗೆ ಬಂದಾಗ ಅವ್ವ ತಾನೇ ಶುರು ಮಾಡಿದಳು. ನಮ್ಮ ದಳದ ಹಾಸನ ಕಡೆಯ ಹುಡುಗನೊಬ್ಬ ಗಾಯವಾಗಿ ಕೆಳಗೆ ಹೋದವನು, ಭೇರ್ಯದವನು ಸತ್ತ ಸುದ್ದಿಯನ್ನು ತನ್ನ ಮನೆಗೆ ಫೋನಿನಲ್ಲಿ ಹೇಳಿದ್ದಾನೆ. ಅದು ಬಾಯಿಂದ ಬಾಯಿಗೆ ಬಂದು ಕಂಪಲಾಪುರ ಮುಟ್ಟುವ ಹೊತ್ತಿಗೆ ಭೇರ್ಯ ಅನ್ನುವ ಮಾತು ಬಿಟ್ಟುಹೋಗಿ ಹೆಸರು ಮಾತ್ರ ಉಳಿದಿದೆ, ಸತ್ತವನು ನಾನೇ ಅಂದುಕೊಂಡಿದ್ದಾರೆ. ಮಿಲಿಟರಿಯಿಂದ ಕಾಗದ ಬರಲಿ, ಅಲ್ಲೀವರೆಗೂ ಏನೂ ಮಾಡುವುದು ಬೇಡ ಅಂದರಂತೆ ಅಪ್ಪ. ಅವ್ವ ಕೇಳಲಿಲ್ಲ.

"ಕಾಗ್ದ ಬರೋಗಂಟ ನನ್ ಮಗ ಹಸ್ಕೊಂಡಿರ್ಲಾ ಅಂದೆ ಕಣಪ್ಪ. ನಿಂಗೆ ಇಷ್ಟ ಅಂತ ಹುರುಳಿಕಾಳು ಬಸ್ದೆ, ಮುದ್ದೆ ಮಾಡ್ದೆ. ಅಮಾಸೆ ಹಿಂದಿನ್ ದಿನ. ಎಡೆ ಇಟ್ಟೇಟ್ಗೆ ಕಾಗೆ ಬಂತು. ಆಮೇಲೆ ಮಡಕೇಲಿದ್ದಿದ್ನ ಬಾಯಿಗಿಟ್ರೆ, ಉಪ್ಪೇ ಹಾಕಿರ್ನಿಲ್ಲ."

ಮಗ ಸತ್ತಿದ್ದಕ್ಕಿಂತ ಅವನ ಕೊನೆ ಊಟ ಸಪ್ಪೆಯಾಯಿತಲ್ಲ ಅಂತ ಅವತ್ತು ಹೆಚ್ಚು ಅತ್ತಳಂತೆ. ನಾನು ಆಮೇಲೆ ನನ್ನ ಕಡೆಯದನ್ನು ಹೇಳಿದೆ. ಅವ್ವ ನನ್ನ ಮುಖ ನೋಡಿದಳು, ಎದ್ದು ದನದ ಹಟ್ಟಿಗೆ ಹೋದಳು.

ಅವ್ವನಿಂದ ಮಾತು ಹರಡಿತು. ಒಂದು ದಿನ ಭೇರ್ಯದವನ ಮನೆಯಿಂದ ಹೇಳಿ ಕಳಿಸಿದರು. ಬಿಳಿಕೆರೆಯಲ್ಲಿ ಬಸ್ ಬದಲಿಸಿ ಹೋದೆ. ಅವನ ತಾಯಿ ಒಬ್ಬರೇ ಜಗಲಿಯಲ್ಲಿ ಕೂತಿದ್ದರು. ಹೆಣ ಬಂದ ಮೇಲೆ ಅವರ ಮನೆಯಲ್ಲಿ ತಿಥಿ ಕ್ರಮವಾಗಿಯೇ ಆಗಿತ್ತು. ಆದರೆ ಎಷ್ಟು ಕಾದರೂ ಕಾಗೆ ಬರಲಿಲ್ಲವಂತೆ. ಕೊನೆಗೆ ಎಡೆಯನ್ನು ಹಸುವಿಗೆ ಇಟ್ಟರಂತೆ.

"ನಿಮ್ಮವ್ವ ಇಟ್ಟಿದ್ದು ನಿಂಗೆ ಮುಟ್ತಂತೆ, ದಿಟವಾ ಮಗ?"

ದಿಟ ಕಣವ್ವ ಅಂದೆ.

"ನೀನು ಬದುಕಿದ್ದೋನು, ನಿಂಗೇ ಮುಟ್ತು. ನಾನು ಇಟ್ಟಿದ್ದು ಅವನ್ಗೂ ಮುಟ್ಟಿರ್ತದಾ?"

ಅದೊಂದನ್ನು ಕೇಳಲಿಕ್ಕೇ ಅವರು ನನ್ನನ್ನು ಕರೆಸಿದ್ದು. ಹೂಂ ಅನ್ನಬಹುದಿತ್ತು. ಬಂಡೆ ಸಂದಿಯಲ್ಲಿ ನಾನು ಅವನ ಪಕ್ಕದಲ್ಲೇ ಇದ್ದವನು. ನನ್ನ ಹೊಟ್ಟೆ ತುಂಬಿದ ಹೊತ್ತಿನಲ್ಲೂ ಅವನ ಮುಖ ಹಾಗೇ ಇತ್ತು.

"ಗೊತ್ತಿಲ್ಲ ಕಣವ್ವ" ಅಂದೆ.

ಅವರು ಅಳಲಿಲ್ಲ. ಒಳಗೆ ಹೋಗಿ ಎಲೆ ತಂದು ನನ್ನ ಮುಂದೆ ಹಾಕಿದರು, ಅನ್ನ ಬಡಿಸಿದರು, ಸಾರು ಬಿಟ್ಟರು. "ಅಂಗಾರೆ ನೀನೇ ಉಣ್ಣು. ಹೆಸ್ರು ಒಂದೇ ಅಲ್ವಾ. ನಿನ್ನ ದಾರೀಲಾದ್ರೂ ಅವನ್ಗೆ ಹೋಗ್ಲಿ."

ಉಂಡೆ. ಆಮೇಲೆ ಪ್ರತಿ ವರ್ಷ ಪಿತೃಪಕ್ಷಕ್ಕೆ ಕರೆಯುತ್ತಾರೆ, ಹೋಗುತ್ತೇನೆ, ಉಣ್ಣುತ್ತೇನೆ. ಉಣ್ಣುವಾಗ ಏನೂ ಆಗುವುದಿಲ್ಲ. ಅನ್ನ ಅನ್ನದ ಹಾಗೇ ಇರುತ್ತದೆ. ಬಡಿಸಿ ಆದ ಮೇಲೆ ಅವರು ಎದುರಿಗೆ ಕೂತು ನನ್ನ ಮುಖವನ್ನೇ ನೋಡುತ್ತಾರೆ. ಎಲೆ ಮಡಿಸುವಾಗ, ಈ ಸಲ ಏನಾರ ಗೊತ್ತಾಯ್ತಾ ಅಂತ ಕೇಳುತ್ತಾರೆ. ಇಲ್ಲ ಅನ್ನುತ್ತೇನೆ. ಮುಂದಿನ ವರ್ಷವೂ ಬಾ ಅನ್ನುತ್ತಾರೆ.

ಅವತ್ತು ಗುಡ್ಡದ ಮೇಲೆ ಆದದ್ದು ಏನು ಅಂತ ಇವತ್ತಿಗೂ ನನಗೆ ತಿಳಿದಿಲ್ಲ. ಈಗ ನನಗಿರುವುದು ಇಷ್ಟು: ಪಿಂಚಣಿ, ಎರಡೆಕರೆ ಹೊಗೆಸೊಪ್ಪಿನ ಹೊಲ, ಒಂದು ಬ್ಯಾರನ್, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ಎಡಗಾಲಿನಲ್ಲಿ ಉಳಿದ ಮೂರು ಬೆರಳು. ನಮ್ಮವ್ವ ಈಗಿಲ್ಲ. ಭೇರ್ಯದಲ್ಲಿ ಒಬ್ಬರು ಅವ್ವ ಇದ್ದಾರೆ.