ಹೊಗೆಯ ಬೆನ್ನು ಬಿಡದ ಖಾದರ್ ಸಾಹೇಬರು

ಸಿಟ್ಟು ಬಂದಾಗ ಖಾದರ್ ಸಾಹೇಬರು ಮೊದಲು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. "ಎದುರಿಗಿರೋನ ಮುಖ ಸರಿಯಾಗಿ ಕಂಡ್ರೆ ಪಾಪ ಅನ್ನಿಸ್ಬಿಡ್ತದೆ, ಬೈಯಕ್ಕಾಗಲ್ಲ" ಎನ್ನುತ್ತಿದ್ದರು. ಕಾರ್ಖಾನೆಯಲ್ಲಿ ಅವರ ಕನ್ನಡಕ ಮೂಗಿನ ಮೇಲಿದ್ದುದಕ್ಕಿಂತ ಜೇಬಿನಲ್ಲಿದ್ದುದೇ ಹೆಚ್ಚು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ತುಮಕೂರಿನ ಸತ್ಯಮಂಗಲದ ಆ ಅಲ್ಯೂಮಿನಿಯಂ ಕಾರ್ಖಾನೆಯ ಲ್ಯಾಬಿಗೆ ಸೇರಿದೆ. ಹೆಬ್ಬೂರಿನ ಪಕ್ಕದ ನಮ್ಮೂರಿನಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಗುಜರಿ ಅಲ್ಯೂಮಿನಿಯಂ ಕರಗಿಸಿ ಕಿಟಕಿ ಬಾಗಿಲುಗಳಿಗೆ ಬೇಕಾದ ಪಟ್ಟಿಗಳನ್ನು ಮಾಡುವ ಕಾರ್ಖಾನೆ ಅದು. ಸಾಹೇಬರು ಕುಲುಮೆಯ ಮೇಲ್ವಿಚಾರಕರು. ಎತ್ತರದ ಆಳು. ಬೆಂಕಿಯ ಮುಂದೆ ನಿಂತು ನಿಂತು ಮುಖ ಕಂದಿತ್ತು. ಕುಲುಮೆಯ ಸದ್ದಿನಲ್ಲಿ ಕೂಗಿ ಅಭ್ಯಾಸವಾಗಿ, ಅವರು ಗುಟ್ಟು ಹೇಳಿದರೂ ಗೇಟಿನವರೆಗೆ ಕೇಳಿಸುತ್ತಿತ್ತು.

ಒಮ್ಮೆ ಬಣ್ಣ, ಗ್ರೀಸು ಮೆತ್ತಿಕೊಂಡಿದ್ದ ಗುಜರಿಯ ಲಾರಿ ಬಂತು. ಅದನ್ನು ಹಾಗೇ ಕುಲುಮೆಗೆ ಹಾಕಿದರೆ ಕಡುಗಪ್ಪು ಹೊಗೆ. ಸಾಹೇಬರು ಲಾರಿಯ ಮುಂದೆ ನಿಂತುಬಿಟ್ಟರು. ಮಾಲೀಕರೇ ಬಂದು, "ಹೊಗೆ ಮೇಲಕ್ಕೆ ಹೋಗ್ತದಲ್ಲ ಸಾಹೇಬ್ರೆ, ನಿಮಗೇನು ತೊಂದ್ರೆ?" ಎಂದರು.

ಕನ್ನಡಕ ಜೇಬಿಗೆ ಹೋಯಿತು. "ಮೇಲಕ್ಕೆ ಹೋಗಿದ್ದು ಅಲ್ಲೇ ಕೂತ್ಕಳ್ಳಕ್ಕೆ ಅಲ್ಲೇನು ಚೇರ್ ಹಾಕವ್ರಾ ಸಾರ್? ಈ ಕಸ ಕರಗಿಸ್ಬೇಕು ಅಂದ್ರೆ ನಿಮ್ಮನೆ ಒಲೆಗೆ ಹಾಕ್ಕಳಿ!"

ಲಾರಿ ವಾಪಸಾಯಿತು.

ಕೆಲವು ವರ್ಷಗಳ ನಂತರ ನಮ್ಮ ಮಾಲು ಹೊರದೇಶಕ್ಕೆ ಹೋಗತೊಡಗಿತು. ನಿಮ್ಮ ಕಾರ್ಖಾನೆ ಗಾಳಿಗೆ ಎಷ್ಟು ಇಂಗಾಲ ಬಿಡುತ್ತದೆ, ಅದನ್ನು ಯಾವಾಗ ಎಷ್ಟಕ್ಕೆ ಇಳಿಸುತ್ತೀರಿ ಎಂದು ಅಲ್ಲಿನ ಗಿರಾಕಿಗಳು ಕೇಳಿದರು. ಮಾಲೀಕರು ಶಾಮಿಯಾನ ಹಾಕಿಸಿ, ಗಿಡ ನೆಟ್ಟು, ಮೂರು ವರ್ಷದಲ್ಲಿ ಅರ್ಧಕ್ಕಿಳಿಸುವುದೇ ನಮ್ಮ ಗುರಿ ಎಂದು ಘೋಷಿಸಿದರು. ಸಾಹೇಬರು ಹಿಗ್ಗಿಹೋದರು. ಹೊಸ ಕುಲುಮೆ ಬರುತ್ತದೆ ಎಂದು ಅದಕ್ಕೆ ಜಾಗವನ್ನೂ ಗುಡಿಸಿ ಇಟ್ಟರು.

ಹೊಸ ಕುಲುಮೆ ಬರಲೇ ಇಲ್ಲ. ಆದರೆ ಹೊಗೆಯ ಲೆಕ್ಕ ಮಾತ್ರ ಇಳಿಯುತ್ತಾ ಬಂತು. ಗುಜರಿ ಬರುವುದು ಕಮ್ಮಿಯಾಗಿ, ಅದರ ಬದಲು ಎಲ್ಲೋ ಕರಗಿಸಿ ಎರಕ ಹೊಯ್ದ ಅಲ್ಯೂಮಿನಿಯಂ ಗಟ್ಟಿಗಳು ಬರತೊಡಗಿದವು. ಎಲ್ಲಿಂದ ಎಂದರೆ ಮ್ಯಾನೇಜರು, "ಹೊರಗಡೆಯಿಂದ" ಎನ್ನುತ್ತಿದ್ದ.

ಅದೇ ದಿನಗಳಲ್ಲಿ ನಮ್ಮೂರಿನ ಕೆರೆ ಹಿಂದೆ ಯಾರೋ ತಗಡಿನ ಶೆಡ್ಡು ಹಾಕಿದರು. ತೆಂಗಿನ ಗರಿಗಳ ಮೇಲೆ ಮಸಿ ಕೂತಿತು. ಹಸುಗಳು ಹುಲ್ಲು ಮೂಸಿ ಮುಖ ತಿರುಗಿಸುತ್ತಿದ್ದವು. ನಮ್ಮಮ್ಮನಿಗೆ ಕೆಮ್ಮು ಹಿಡಿಯಿತು. ಊಟದ ಹೊತ್ತಿನಲ್ಲಿ ಸುಮ್ಮನೆ ಮಾತಿಗೆ ಇದನ್ನು ಹೇಳಿದೆ. ಸಾಹೇಬರು ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ಡಬ್ಬಿಗೇ ಹಾಕಿದರು.

"ಏನು ಸುಡ್ತಾರಮ್ಮ ಅಲ್ಲಿ?"

"ಗೊತ್ತಿಲ್ಲ ಸಾರ್. ಲಾರೀಲಿ ಗುಜರಿ ಬರ್ತದೆ."

ಭಾನುವಾರ ಅವರೇ ನಮ್ಮೂರಿಗೆ ಬಂದರು. ಶೆಡ್ಡಿನ ಬಾಗಿಲಲ್ಲಿ ನಮ್ಮ ಕಾರ್ಖಾನೆಯ ಲಾರಿಯೇ ನಿಂತಿತ್ತು. ಅದರ ತುಂಬ ಬಿಸಿ ಆರದ ಗಟ್ಟಿಗಳು. ಸಾಹೇಬರು ಕನ್ನಡಕ ತೆಗೆಯಲಿಲ್ಲ, ಬೈಯಲೂ ಇಲ್ಲ. ನಮ್ಮ ಮನೆಗೆ ಬಂದು, ಕೆಮ್ಮುತ್ತಿದ್ದ ಅಮ್ಮನ ಎದುರು ಕೂತು, "ಇದು ನಮ್ಮ ಹೊಗೆ ಕಣಮ್ಮಾ" ಎಂದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು.

ಗುರಿ ಮುಟ್ಟಿದೆವೆಂದು ಕಾರ್ಖಾನೆಯಲ್ಲಿ ಸಮಾರಂಭವಾಯಿತು. ಹೊರದೇಶದ ಗಿರಾಕಿಗಳು ಮುಂದಿನ ಸಾಲಿನಲ್ಲಿ ಕೂತಿದ್ದರು. ಕುಲುಮೆಯ ಹಿರಿಯರೆಂದು ಸಾಹೇಬರಿಗೆ ಶಾಲು ಹೊದಿಸಿದರು. ಅವರು ಮೈಕ್ ಹಿಡಿದು, "ಹೊಗೆ ಕಮ್ಮಿ ಆಗಿಲ್ಲ. ಇಲ್ಲಿಂದ ಎತ್ತಿ ಹೆಬ್ಬೂರು ಕಡೆಯೋರ ಮೂಗಿಗೆ ತುರುಕವ್ರೆ. ಗಾಳಿಗೆ ಕಾಂಪೌಂಡ್ ಐತೇನ್ರೀ?" ಎಂದರು.

ಪಕ್ಕದಲ್ಲಿದ್ದ ಮ್ಯಾನೇಜರು ನಗುತ್ತಾ ಇಂಗ್ಲಿಷಿಗೆ ತಿರುಗಿಸಿದ: ಈ ಹಿರಿಯರಿಗೆ ತುಂಬ ಹೆಮ್ಮೆಯಾಗಿದೆ, ಕಂಪನಿಗೆ ವಂದನೆ ಹೇಳುತ್ತಿದ್ದಾರೆ. ಗಿರಾಕಿಗಳು ಚಪ್ಪಾಳೆ ತಟ್ಟಿದರು.

ಸಾಹೇಬರು ಶಾಲು ಕಿತ್ತು ಕುರ್ಚಿಯ ಮೇಲೆಸೆದರು. "ನೋ! ಹೆಬ್ಬೂರ್! ಸ್ಮೋಕ್! ಕಮ್, ಐ ಶೋ!" ಯಾರೋ ಮೈಕ್ ಆರಿಸಿದರು. ಅವರ ಗಂಟಲಿಗೆ ಮೈಕ್ ಯಾಕೆ? ನಾನೂ ಎದ್ದು ನಿಂತು, ನನಗೆ ಬಂದ ಇಂಗ್ಲಿಷಿನಲ್ಲಿ, ಅದು ನಮ್ಮೂರು, ಅವರು ಹೇಳುತ್ತಿರುವುದು ನಿಜ ಎಂದೆ. ಗಿರಾಕಿಗಳ ಚಪ್ಪಾಳೆ ನಿಂತಿತು.

ಮಾರನೆಯ ದಿನ ಕಂಪನಿಯವರು ಗಿರಾಕಿಗಳನ್ನು ನಮ್ಮೂರಿಗೆ ಕರೆತಂದರು. ಶೆಡ್ಡಿಗೆ ಬೀಗ ಬಿದ್ದಿತ್ತು. ಅದು ಕೋಳಿ ಫಾರಂ, ನಷ್ಟವಾಗಿ ಮುಚ್ಚಿದೆ ಎಂದು ಮ್ಯಾನೇಜರು ಹೇಳಿದನಂತೆ. ಹೊರಗೆ ನಿಂತು ನೋಡಿ ಕಾರು ಹತ್ತಿದರು. ಆ ಬೀಗ ನೋಡಿದವರಿಗೆ ಗೋಡೆಯ ಮೇಲಿನ ಮಸಿ ಕಾಣಲಿಲ್ಲವೇ? ಈಗಲೂ ನೆನೆದರೆ ನನ್ನ ಮೈ ಉರಿಯುತ್ತದೆ. ಕಾಣಬಾರದೆಂದು ಬಂದವರಿಗೆ ಯಾರು ಏನು ತೋರಿಸುವುದು!

ನಮ್ಮಿಬ್ಬರನ್ನೂ ಕೆಲಸದಿಂದ ತೆಗೆದರು. ನಾನು ಕಾಲೇಜೊಂದರ ಲ್ಯಾಬು ಸೇರಿದೆ. ಸಾಹೇಬರು ಗುಬ್ಬಿಯಲ್ಲಿ ಭಾಮೈದನ ಕಿಟಕಿ ಅಂಗಡಿಯಲ್ಲಿ ಕೂತರು. ನಮ್ಮೂರಿನ ಶೆಡ್ಡಿನ ಬೀಗ ಮತ್ತೆ ತೆರೆಯಲಿಲ್ಲ. ಕುಣಿಗಲ್ ಕಡೆಯ ಇನ್ನೊಂದು ಊರಿನಲ್ಲಿ ಹೊಸ ಶೆಡ್ಡು ಎದ್ದಿತು. ಸುದ್ದಿ ಮುಟ್ಟಿದ್ದೇ ಸಾಹೇಬರು ಅಲ್ಲಿಗೆ ಓಡಾಡತೊಡಗಿದರು. ಮನೆ ಮನೆಗೂ ಹೋಗಿ ಹೇಳುವುದು, ಕಚೇರಿಗಳ ಬಾಗಿಲಲ್ಲಿ ಕೂಗಾಡುವುದು. ಶೆಡ್ಡಿನವರು ಅವರನ್ನು ಒಮ್ಮೆ ತಳ್ಳಿ ಕೆಡವಿದ್ದರಂತೆ.

ಈಗ ಅವರಿಲ್ಲ. ಹಾಗೆ ಓಡಾಡುತ್ತಿದ್ದ ವರ್ಷವೇ, ರಂಜಾನ್‌ಗೆ ಮುಂಚೆ ಹೋಗಿಬಿಟ್ಟರು. ನನಗೆ ಕಡೆಯ ಸಲ ಸಿಕ್ಕಿದ್ದು ತುಮಕೂರು ಬಸ್ ಸ್ಟ್ಯಾಂಡಿನಲ್ಲಿ. ಕೈಗೆ ಬ್ಯಾಂಡೇಜು, ಇಳಿದುಹೋದ ಮೈ. ನನಗೆ ಸಂಕಟವಾಯಿತು.

"ಸಾಕು ಸಾರ್. ಈ ವಯಸ್ಸಲ್ಲಿ ಯಾಕೆ? ಬಿಟ್ಬಿಡಿ" ಎಂದೆ.

ಇಡೀ ಬಸ್ ಸ್ಟ್ಯಾಂಡ್ ತಿರುಗಿ ನೋಡುವಂತೆ ಕೂಗಿದರು: "ಹೊಗೆ ಬಿಡೋರ್ಗೆ ಬಿಡಬೇಡ್ರೋ ಅಂತ ಒಬ್ರೂ ಹೇಳಲ್ಲ. ನನಗೆ ಮಾತ್ರ ಎಲ್ರೂ ಬಿಟ್ಬಿಡಿ ಬಿಟ್ಬಿಡಿ ಅಂತೀರಲ್ಲಮ್ಮ!"

ನನ್ನ ಉತ್ತರಕ್ಕೆ ಕಾಯದೆ ಬಸ್ಸು ಹತ್ತಿದರು. ನಾನೂ ಹತ್ತಿ ಅವರ ಪಕ್ಕ ಕೂತೆ. ಕಂಡಕ್ಟರ್ ಬಂದಾಗ, "ಎರಡು ಕುಣಿಗಲ್" ಎಂದೆ.