ರೊಟ್ಟಿ ಬಡಿಯುತ್ತ ಅವ್ವ ಕಲಿಸಿದ ತಾಳ

ಇವತ್ತು ಗಜೇಂದ್ರಗಡದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ತಾಯಿ, ಖಾಲಿ ಡಬ್ಬಿ ಬಾರಿಸುತ್ತಿದ್ದ ಪುಟ್ಟ ಮಗಳ ಕೈಗೆ ರಪ್ಪನೆ ಹೊಡೆದಳು. ನನ್ನ ಮೈಯೆಲ್ಲ ಉರಿಯಿತು.

ನಾನು ಸಣ್ಣವಳಿದ್ದಾಗ ನಮ್ಮವ್ವ ಸಂಜೆ ರೊಟ್ಟಿ ಬಡಿಯುವಾಗ ನನ್ನನ್ನು ಎದುರಿಗೆ ಕೂರಿಸಿಕೊಂಡು ಒಂದು ಹಿಟ್ಟಿನ ಉಂಡೆ ಕೊಡುತ್ತಿದ್ದಳು. ಅವಳ ಕೈ ಜೋರಾದರೆ ನನ್ನದೂ ಜೋರಾಗಬೇಕು, ಅವಳು ತಟ್ಟನೆ ನಿಲ್ಲಿಸಿದರೆ ನಾನೂ ನಿಲ್ಲಿಸಬೇಕು. ತಪ್ಪಿದರೆ ಮೂಗಿಗೆ ಹಿಟ್ಟು ಹಚ್ಚಿ ನಗುತ್ತಿದ್ದಳು. ಪಕ್ಕದ ಮನೆಯ ಮಗ್ಗದ ಸದ್ದಿಗೂ ನಾವು ತಾಳ ಕೂಡಿಸುತ್ತಿದ್ದೆವು.

ಒಂದು ದಿನ ಅದೇ ಗುಂಗಿನಲ್ಲಿ ಶಾಲೆಯ ಬೆಂಚು ಬಡಿದೆ. ಮಾಸ್ತರರು ಫೂಟಪಟ್ಟಿಯಿಂದ ನನ್ನ ಬೆರಳ ಗೆಣ್ಣಿಗೆ ಹೊಡೆದರು. "ಹೆಣ್ಣುಹುಡುಗಿ ಆಗಿ ತಾಳ ಬಡೀತಿಯೇನ? ಮಾನಗೇಡಿ!" ಎಂದರು.

ಆ ಸಂಜೆ ನಾನು ಹಿಟ್ಟು ಮುಟ್ಟಲಿಲ್ಲ. ಬಾತುಕೊಂಡ ಬೆರಳು ನೋಡಿದ ಅವ್ವ ಒಲೆಯ ಮೇಲಿನ ಹಂಚು ಇಳಿಸಿ, ಹಿಟ್ಟಿನ ಕೈಯಲ್ಲೇ ನನ್ನನ್ನು ಮಾಸ್ತರರ ಮನೆಗೆ ಎಳೆದುಕೊಂಡು ಹೋದಳು.

"ಗದ್ದಲ ಮಾಡಿದ್ರ ಬೈರಿ, ಹೊರಗ ನಿಲ್ಲಸ್ರಿ. ಕೈ ಮುರಿಯೋ ಹಂಗ ಹೊಡಿಯಾಕ ನೀವ್ಯಾರ್ರಿ? ತಾಳ ಕಲಿಸಿದಾಕಿ ನಾನು. ಮಾನಗೇಡಿ ಅನ್ನೂದಿದ್ರ ನನಗ ಅನ್ರಿ!"

ಮಾಸ್ತರರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ತಪ್ಪಾಯಿತು ಎನ್ನಲಿಲ್ಲ, ಮತ್ತೆಂದೂ ಹೊಡೆಯಲೂ ಇಲ್ಲ. ಆದರೆ ನನ್ನ ಕೈ ಹೆದರಿತ್ತು. ಅವ್ವ ದಿನಾ ಉಂಡೆ ಇಟ್ಟು ಕಾದಳು. ನಾನು ಮತ್ತೆ ಕೈ ಹಚ್ಚಲು ತಿಂಗಳುಗಳೇ ಹಿಡಿದವು.

ಇವತ್ತು ಆ ತಾಯಿಗೆ, "ಯವ್ವಾ, ಬಾರಿಸ್ಲಿ ಬಿಡ, ಕೂಸು ಐತಿ" ಎಂದೆ. "ನಮ್ಮ ಹುಡುಗಿ, ನಿಮಗ್ಯಾಕ್ರಿ?" ಎಂದವಳೇ ಮಗುವನ್ನು ಎತ್ತಿಕೊಂಡು ಸೂಡಿ ಊರಿನ ಬಸ್ ಹತ್ತಿದಳು. ಮನೆಗೆ ಬಂದು ಇದನ್ನು ಬರೆಯುವಾಗಲೂ ನನ್ನ ಸಿಟ್ಟು ಇಳಿದಿಲ್ಲ. ಇಳಿಯುವುದೂ ಬೇಡ.